ಬೆರಳಗಲದ ಅಂಚು

ಬುಧವಾರ ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷ ಇತ್ತು. ಕಾಮಿಕ್ಸ್ ಅಂಗಡಿಯ ಷಟರ್ ಅರ್ಧ ಎದ್ದಿತ್ತು. ಹೊರಗೆ ಹನ್ನೆರಡು ಜನ ಸಾಲು ನಿಂತಿದ್ದರು. ಒಳಗೆ ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

"ಕೊನೇ ಹಾಳೆ ಇಲ್ಲ," ಅಂದರು ನನ್ನನ್ನು ಕಂಡ ಕೂಡಲೇ. "ಒಂದರಲ್ಲೂ ಇಲ್ಲ. ನಲವತ್ತಕ್ಕೆ ನಲವತ್ತೂ ಕತ್ತರಿಸಿ ಹಾಕಿದ್ದಾರೆ."

ಮೇಜಿನ ಮೇಲೆ 'ನೆರಳುಗಳ್ಳಿ' ಮೂವತ್ತನಾಲ್ಕನೇ ಸಂಚಿಕೆಯ ಪ್ರತಿಗಳಿದ್ದವು. ಜನರ ನೆರಳು ಕದ್ದು, ಅದೇ ನೆರಳಿನಿಂದ ಕೇಡಿಗಳನ್ನು ಕಟ್ಟಿಹಾಕುವ ಹೆಂಗಸಿನ ಕಥೆ. ವಾರಕ್ಕೆ ಇಂಥ ಏಳು ಹೊಸ ಸೂಪರ್‌ಹೀರೋ ಪುಸ್ತಕಗಳು ನಮ್ಮೂರಿಗೆ ಬರುತ್ತವೆ. ಬರುವುದು ಈ ಒಂದೇ ಅಂಗಡಿಗೆ. ಏಳರ ಬಗ್ಗೆಯೂ ಗುರುವಾರದ ಪತ್ರಿಕೆಯಲ್ಲಿ ಬರೆಯುವವಳು ನಾನು. ಆರು ವರ್ಷದಿಂದ. ಅಂಕಣದ ಹೆಸರು 'ಈ ವಾರದ ಏಳು'.

ಒಂದು ಪ್ರತಿ ತೆಗೆದು ನೋಡಿದೆ. ಹರಿದದ್ದಲ್ಲ. ಬ್ಲೇಡಿನ ಕೆಲಸ. ಪಿನ್ನು ಹೊಡೆದ ಮಡಿಕೆಯ ಪಕ್ಕ ಬೆರಳಗಲದ ಅಂಚು ಉಳಿಸಿ, ಸ್ಕೇಲ್ ಇಟ್ಟು ಎಳೆದ ಹಾಗೆ ನೇರವಾಗಿ ಕತ್ತರಿಸಿದ್ದರು.

ಆ ಅಂಚಿನ ಮೇಲೆ ಬೆರಳು ಓಡಿಸಿದೆ. ಇನ್ನೊಂದು ಸಲ ಓಡಿಸಿದೆ. ಪುಸ್ತಕ ಮುಚ್ಚಿ ಇಟ್ಟೆ. ಏನೂ ಹೇಳಲಿಲ್ಲ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಕಥೆಯಲ್ಲಿ ನಾನು ಏನೂ ಹೇಳದೆ ನಿಂತ ಜಾಗಗಳು ಬಹಳ ಇವೆ.

* * *

ಎದುರಿಗೇ ಪೊಲೀಸ್ ಠಾಣೆ. ಸಾಲಿನವರ ಕೂಗಾಟ ಅಲ್ಲಿಗೂ ಕೇಳಿಸಿತು. ರಸ್ತೆ ದಾಟಿ ಬಂದವರು ಎಸ್‌ಐ ಮೇಡಂ. ವಯಸ್ಸು ನಲವತ್ತರ ಹತ್ತಿರ. ಬಾಯಲ್ಲಿ ಸದಾ ಒಂದು ಪೆಪ್ಪರ್‌ಮೆಂಟ್. ಬೀದಿಯವರೆಲ್ಲ ಬೆನ್ನ ಹಿಂದೆ ಅವರನ್ನು ಪೆಪ್ಪರ್‌ಮೆಂಟ್ ಅಂತಲೇ ಕರೆಯುತ್ತಾರೆ. ಅದು ಅವರಿಗೂ ಗೊತ್ತು.

"ಯಾರ ಮೇಲೆ ಅನುಮಾನ?"

"ಸಾಲಲ್ಲಿ ಮೊದಲನೆಯವನು, ಆ ಕೆಂಪು ಟೋಪಿ," ಯಜಮಾನರು ಪಿಸುಗುಟ್ಟಿದರು. "ಈ ಸಲ ನೆರಳುಗಳ್ಳಿ ಮುಖವಾಡ ತೆಗೆದ್ರೆ ನಿಮ್ಮ ಅಂಗಡೀಗೆ ಬೆಂಕಿ ಇಡ್ತೀನಿ ಅಂದಿದ್ದ."

ಕೆಂಪು ಟೋಪಿಯನ್ನು ಒಳಗೆ ಕರೆದರು. ಬ್ಯಾಂಕಿನಲ್ಲಿ ಕೆಲಸ. ಎರಡು ಮಕ್ಕಳ ತಂದೆ. ಕಣ್ಣು ಒದ್ದೆಯಾಗಿತ್ತು.

"ನಾನ್ಯಾಕೆ ಕತ್ತರಿಸ್ಲಿ ಮೇಡಂ? ಒಂದು ಪ್ರತಿ ಓದೋಕೆ, ಒಂದು ಮುಟ್ಟದೆ ಇಡೋಕೆ ಅಂತ ಎರಡು ತಗೊಳ್ಳೋನು ನಾನು. ಮೂಲೆ ಮಡಚಿದ್ರೂ ನನಗೆ ಊಟ ಸೇರೋದಿಲ್ಲ."

"ಮನೇಲಿ ಏನಂತಾರೆ?"

"ಅನ್ನೋದು ಬಿಟ್ಟು ಎರಡು ವರ್ಷ ಆಯ್ತು."

"ಹೋಗಿ," ಅಂದರು ಮೇಡಂ. ಆಮೇಲೆ ನಮ್ಮ ಕಡೆ ತಿರುಗಿ, "ಈತ ಪುಸ್ತಕಕ್ಕೆ ಬ್ಲೇಡ್ ಇಡೋನಲ್ಲ. ಮುಂದೆ?"

ಮುಂದೆ ಉಳಿದದ್ದು ಹಿಂದಿನ ಕೋಣೆ. ಒಂದು ಬಾಗಿಲು, ಸರಳಿನ ಕಿಟಕಿ. ಬೀಗ ಮುರಿದಿರಲಿಲ್ಲ. ಬೀಗದ ಕೈ ಇರುವುದು ಪಾರ್ಸೆಲ್ ಅಕ್ಕನ ಸೆರಗಿನ ತುದಿಯಲ್ಲಿ. ಕಟ್ಟು ಬಿಚ್ಚುವುದು, ಪ್ರತಿ ಎಣಿಸುವುದು, ಜೋಡಿಸುವುದು ಅವರ ಕೆಲಸ. ಹನ್ನೊಂದು ವರ್ಷದಿಂದ ಅದೇ.

"ಸೋಮವಾರ ಸಂಜೆ ಬಿಚ್ಚಿದಾಗ ಸರಿಯಾಗಿತ್ತು," ಅಂದರು ಅಕ್ಕ. "ಇವತ್ತು ಬೆಳಿಗ್ಗೆ ತೆಗೆದ್ರೆ ಹೀಗಿದೆ."

"ನಿನ್ನೆ ಈ ಕೋಣೆಗೆ ಯಾರು ಬಂದಿದ್ರು?"

ಅಕ್ಕ ನನ್ನ ಕಡೆ ನೋಡಿದರು. ಒಂದೇ ಒಂದು ಕ್ಷಣ. "ಹೊರಗಿನವರು ಯಾರೂ ಬರ್ಲಿಲ್ಲ."

"ಹೌದು, ನಾನೂ ಗಲ್ಲಾದಲ್ಲೇ ಇದ್ದೆ. ಹೊರಗಿನವರು ಯಾರೂ ಇಲ್ಲ," ಯಜಮಾನರ ದನಿ ಏರಿತು. "ಅಂದ್ರೆ ಇವಳೇ. ಯಾರ ಮಾತು ಕೇಳಿ ಮಾಡಿದ್ಯೋ ಹೇಳು. ನಾಳೆ ಸಂಜೆಯೊಳಗೆ ಹಾಳೆ ಬರ್ಲಿಲ್ಲ ಅಂದ್ರೆ ನಾಡಿದ್ದಿಂದ ನೀನೂ ಬರೋದು ಬೇಡ."

ಅಕ್ಕ ಸೆರಗಿನ ತುದಿಯ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಅವರು ಅಳಲಿಲ್ಲ.

ನಾನು ಕಿಟಕಿಯ ಸರಳು ಎಣಿಸಿದೆ. ಆರು. ಮತ್ತೆ ಎಣಿಸಿದೆ. ಆರೇ.

* * *

ಸಂಜೆ ಮನೆಗೆ ಹೋಗಿ ನನ್ನ ಕಟ್ಟು ಬಿಚ್ಚಿದೆ. ವಿಮರ್ಶೆಗೆಂದು ಅಂಗಡಿಯವರು ಸೋಮವಾರವೇ ಕೊಡುವ ಏಳು ಪ್ರತಿಗಳ ಕಟ್ಟು. ಅಪ್ಪ ಸಂಜೆಯ ವಾಕಿಂಗ್ ಮುಗಿಸಿ ಬರುವಾಗ ತಂದು ನನ್ನ ಮೇಜಿನ ಮೇಲಿಡುತ್ತಾರೆ.

ಹೌದು, ಬುಧವಾರ ಬಿಚ್ಚಿದೆ. ವಿಮರ್ಶೆ ಮಂಗಳವಾರವೇ ಅಚ್ಚಿಗೆ ಹೋಗಿತ್ತು.

ಕಟ್ಟಿನ ಮೇಲೆ ಪ್ರಕಾಶಕರ ಒಂದು ಸಾರಾಂಶದ ಹಾಳೆ ಇರುತ್ತದೆ. ಯಾವ ಪುಸ್ತಕದಲ್ಲಿ ಏನಾಗುತ್ತದೆ ಅಂತ ತಲಾ ನಾಲ್ಕು ಸಾಲು. ಎರಡು ವರ್ಷದ ಹಿಂದೆ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಒಂದು ವಾರ ಆ ಹಾಳೆ ನೋಡಿಕೊಂಡೇ ಬರೆದೆ. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುತ್ತದೆ ಅಂತ ಮೂರು ದಿನ ನಿದ್ದೆಗೆಟ್ಟು ಕಾದೆ. ಇಬ್ಬರು ಫೋನ್ ಮಾಡಿ ಹೊಗಳಿದರು. ಅಮ್ಮ ಹೋದ ಮೇಲೆ ಮುಂದಿನ ವಾರವೂ ಹಾಗೇ ಬರೆದೆ. ಅದರ ಮುಂದಿನ ವಾರವೂ. ಕಟ್ಟುಗಳು ದಾರ ಬಿಚ್ಚದೆ ಕಪಾಟು ಸೇರತೊಡಗಿದವು.

'ನೆರಳುಗಳ್ಳಿ' ತೆಗೆದೆ. ಅದರಲ್ಲೂ ಕೊನೆಯ ಹಾಳೆ ಇರಲಿಲ್ಲ. ಅದೇ ಬೆರಳಗಲದ ಅಂಚು.

"ಅಂಗಡೀಲಿ ಏನೋ ಗಲಾಟೆ ಅಂತೆ?" ಪಕ್ಕದ ಕೋಣೆಯಿಂದ ಅಪ್ಪ ಕೇಳಿದರು.

"ಏನಿಲ್ಲಪ್ಪ."

"ಓ," ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಊಟ ಆರಿ ಹೋಗ್ತಿದೆ, ಬಾ ಪುಟ್ಟಿ."

ಇಬ್ಬರೂ ತಟ್ಟೆ ನೋಡಿಕೊಂಡು ಊಟ ಮಾಡಿದೆವು.

* * *

ಗುರುವಾರ ಹನ್ನೊಂದಕ್ಕೆ ಪೆಪ್ಪರ್‌ಮೆಂಟ್ ಮೇಡಂ ಪತ್ರಿಕೆಯ ಕಚೇರಿಗೇ ಬಂದರು. ಕಂಕುಳಲ್ಲಿ ಆ ದಿನದ ಪತ್ರಿಕೆ. ನನ್ನ ಎದುರಿನ ಕುರ್ಚಿ ಎಳೆದುಕೊಂಡು ಕೂತು, ಜೋರಾಗಿಯೇ ಓದಿದರು:

"'ಕೊನೆಯ ಪುಟದಲ್ಲಿ ನೆರಳುಗಳ್ಳಿ ಮುಖವಾಡ ಕಳಚುವ ಗಳಿಗೆ ಮೈ ನವಿರೇಳಿಸುತ್ತದೆ.' ನಿಮ್ಮದೇ ಅಲ್ವಾ?"

ಅಕ್ಕಪಕ್ಕದ ಮೇಜಿನವರು ಕೈ ನಿಲ್ಲಿಸಿ ನೋಡಿದರು.

"ಇದನ್ನ ನೋಡಿ ಖುಷಿಯಾಯ್ತು. ಊರಲ್ಲಿ ಒಬ್ಬರಾದ್ರೂ ಕೊನೇ ಪುಟ ಕಂಡಿದ್ದಾರೆ, ಕದ್ದವರು ಇವರೇ ಇರಬೇಕು ಅಂದ್ಕೊಂಡೆ." ಪೆಪ್ಪರ್‌ಮೆಂಟ್ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಹೋಯಿತು. "ಆಮೇಲೆ ಪ್ರಕಾಶಕರಿಗೆ ಫೋನ್ ಮಾಡಿದೆ. ಮುಖವಾಡ ತೆಗೆಯೋದೇ ಇಲ್ಲವಂತೆ. ಮೊದಲು ಹಾಗೆ ಅಂದ್ಕೊಂಡಿದ್ದರಂತೆ, ಸಾರಾಂಶ ಕಳಿಸಿದ ಮೇಲೆ ಬದಲಾಯಿಸಿದರಂತೆ. ನೀವು ಕಳ್ಳಿ ಅಲ್ಲ ಬಿಡಿ. ಕದ್ದವರಾಗಿದ್ರೆ ಓದಿರ್ತಿದ್ರಿ."

ಪಕ್ಕದ ಮೇಜಿನವರು ಮತ್ತೆ ಕೆಲಸ ಶುರು ಮಾಡಿದರು. ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

"ಹೊರಗೆ ಹೋಗಿ ಮಾತಾಡೋಣವಾ?" ಅಂದೆ.

ಮೆಟ್ಟಿಲ ಹತ್ತಿರ ನಿಂತೆವು. ಮೇಡಂ ಈಗ ದನಿ ತಗ್ಗಿಸಿದರು.

"ಕಥೆಯ ಕೊನೆಯಲ್ಲಿ ಅಂಥದ್ದೇನೂ ಇಲ್ಲ. ನೆರಳುಗಳ್ಳಿ ಒಂದು ತಾರಸಿ ಮೇಲೆ ಸುಮ್ಮನೆ ಕೂತಿರ್ತಾಳಂತೆ. ಅದಕ್ಕಾಗಿ ಯಾರೂ ನಲವತ್ತು ಪುಸ್ತಕ ಕೆಡಿಸೋದಿಲ್ಲ. ರಾತ್ರಿ ಮಗಳಿಗೆ ಪಾಠ ಹೇಳ್ತಾ ಪುಟ ತಿರುಗಿಸಿದಾಗ ಹೊಳೀತು. ಹಾಳೆಗೆ ಎರಡು ಮುಖ. ಎಲ್ಲರೂ ಮುಂದಿನದ್ದನ್ನೇ ಹುಡುಕ್ತಾ ಇದ್ದೀವಿ. ಹಿಂದಿನ ಮುಖದಲ್ಲಿ ಏನಿತ್ತು?"

"ಓದುಗರ ಪತ್ರಗಳು," ಅಂದೆ. ಅಷ್ಟಾದರೂ ನನಗೆ ನೆನಪಿತ್ತು.

ಮೇಡಂ ಫೋನ್ ತೆಗೆದು ಪ್ರಕಾಶಕರು ಕಳಿಸಿದ್ದ ಫೋಟೋ ತೋರಿಸಿದರು. ಪತ್ರಗಳ ಪುಟ. ಮೂರನೆಯದನ್ನು ಬೆರಳಿಂದ ದೊಡ್ಡದು ಮಾಡಿದರು.

"ನಮ್ಮೂರಿನ ಪತ್ರಿಕೆಯಲ್ಲಿ 'ಈ ವಾರದ ಏಳು' ಬರೆಯುವವರು ಮೂವತ್ತೊಂದನೇ ಸಂಚಿಕೆಯ ಸೇತುವೆ ಕಾಳಗವನ್ನು ಬಹಳ ಮೆಚ್ಚಿದ್ದಾರೆ. ಆ ಸಂಚಿಕೆಯಲ್ಲಿ ಸೇತುವೆಯೇ ಇಲ್ಲ. ಅವರು ಪುಸ್ತಕ ತೆರೆಯದೆ ಬರೆಯುತ್ತಿದ್ದಾರೆ ಎಂದು ನನ್ನ ನಂಬಿಕೆ. ಒಂದು ಪುಸ್ತಕಕ್ಕೆ ಮೂರು ಜನ ಮೂರು ತಿಂಗಳು ಕೂರುತ್ತಾರೆ. ಅವರಿಗೆ ಅರ್ಧ ಗಂಟೆ ಕೊಡಬಾರದೆ? ಮೊದಲು ಹೀಗಿರಲಿಲ್ಲ. ಅವರು ಬರೆದದ್ದನ್ನು ಓದಿಯೇ ನಾನು ಈ ಪುಸ್ತಕಗಳನ್ನು ಹಿಡಿದವನು. ಇಂತಿ, ಒಬ್ಬ ಓದುಗ."

ಗೋಡೆಗೆ ಒರಗಿದೆ.

"ಬೇರೆ ಊರವರು ಇದನ್ನ ಓದಿ ಪುಟ ತಿರುಗಿಸ್ತಾರೆ. ಈ ಊರಲ್ಲಿ ಮಾತ್ರ ಇದು ನೀವು ಅಂತ ಎಲ್ಲರಿಗೂ ಗೊತ್ತಾಗುತ್ತೆ," ಅಂದರು ಮೇಡಂ. "ಅಂದ್ರೆ ಕತ್ತರಿಸಿದವರಿಗೆ ನಿಮ್ಮ ಮರ್ಯಾದೆ ಉಳಿಸಬೇಕಾಗಿತ್ತು. ಇನ್ನು ಈ ಅಂಚು. ಪೂರ್ತಿ ಮಡಿಕೆಯವರೆಗೆ ಕತ್ತರಿಸಿದ್ರೆ ಏನಾಗುತ್ತೆ?"

"ಅದೇ ಹಾಳೆಯ ಇನ್ನೊಂದು ಅರ್ಧ ಮೊದಲ ಪುಟ. ಪಿನ್ನಿನ ಹಿಡಿತ ತಪ್ಪಿ ಬಿದ್ದುಹೋಗುತ್ತೆ," ಅಂದೆ. "ಅದಕ್ಕೇ ಬೆರಳಗಲ ಬಿಡಬೇಕು."

"ನಿಮಗೆ ಹೇಗೆ ಗೊತ್ತು?"

ಉತ್ತರ ಬಾಯಲ್ಲೇ ಇತ್ತು. ನಿನ್ನೆ ಬೆಳಿಗ್ಗೆಯಿಂದ ಇತ್ತು.

"ಪಾರ್ಸೆಲ್ ಅಕ್ಕ ಹೊರಗಿನವರು ಯಾರೂ ಬರ್ಲಿಲ್ಲ ಅಂದ್ರು," ಮೇಡಂ ಮುಂದುವರಿಸಿದರು. "ಸುಳ್ಳಲ್ಲ. ಒಳಗಿನವರೇ ಅಂತ ಯಾರೂ ಲೆಕ್ಕಕ್ಕೆ ಹಿಡಿಯದ ಒಬ್ಬರು ಬಂದಿದ್ರು. ಮಂಗಳವಾರ ಮಂಗಳವಾರ ಬಂದು ಮಡಚಿದ ಮೂಲೆ, ಹರಿದ ರಟ್ಟು ಸರಿ ಮಾಡಿಕೊಡೋರು. ಈ ಓದುಗನ ವಿಳಾಸವನ್ನೂ ಪ್ರಕಾಶಕರ ಹತ್ತಿರ ಕೇಳಿ ಬರೆದುಕೊಂಡಿದ್ದೀನಿ. ಓದಲಾ?"

"ಬೇಡ," ಅಂದೆ. "ಅದು ನಮ್ಮ ಮನೆ."

ಕತ್ತರಿಸಿದವರು ಅಪ್ಪ ಅಂತ ನನಗೆ ಗೊತ್ತಿತ್ತು. ಮೂವತ್ತೈದು ವರ್ಷ ಬೈಂಡಿಂಗ್ ಕೆಲಸ ಮಾಡಿದ ಕೈ ಅದು. ಚಿಕ್ಕವಳಿದ್ದಾಗ ಅವರ ಪಕ್ಕ ಕೂತು ಅದೇ ಅಂಚು ಹಿಡಿದುಕೊಂಡಿರುತ್ತಿದ್ದೆ. ಬರೆದವರೂ ಅವರೇ ಅಂತ ಮಾತ್ರ ನನಗೆ ಹೊಳೆದಿರಲಿಲ್ಲ.

* * *

ಅಪ್ಪ ಬಾಗಿಲು ತೆಗೆದರು. ಸಮವಸ್ತ್ರ ಕಂಡು ಬೆದರಲಿಲ್ಲ. ಒಳಗೆ ಹೋಗಿ ಮರದ ಎರಡು ಹಲಗೆಗಳ ನಡುವಿನಿಂದ ಒಂದು ಕಟ್ಟು ತೆಗೆದುಕೊಂಡು ಬಂದರು. ನಲವತ್ತೊಂದು ಹಾಳೆ. ಒಂದರಲ್ಲೂ ಸುಕ್ಕಿಲ್ಲ.

"ನಾನೇ ಬರೋಣ ಅಂತಿದ್ದೆ," ಅಂದರು. "ಪಾರ್ಸೆಲ್ ಅಕ್ಕನ ಮೇಲೆ ಬಂತು ಅಂತ ಈಗಷ್ಟೇ ಕೇಳಿದೆ. ಚಪ್ಪಲಿ ಹುಡುಕ್ತಾ ಇದ್ದೆ."

"ಯಾಕಪ್ಪ ಬರೆದ್ರಿ?" ಅಂದೆ.

ಅವರು ಹಾಳೆಗಳ ಅಂಚು ಸರಿ ಮಾಡುತ್ತಾ ನಿಂತರು. "ನಿನ್ನ ಕಟ್ಟು ತಂದಿಡೋನು ನಾನು. ಒಳಗಿನದ್ದೆಲ್ಲ ಓದಿ, ಮತ್ತೆ ದಾರ ಕಟ್ಟಿ ಇಡ್ತಿದ್ದೆ. ನೀನು ಬಿಚ್ಚೋದಿಲ್ಲ ಅಂತ ಗೊತ್ತಾಯ್ತು. ಮುಖಕ್ಕೆ ಹೇಳೋಕೆ ನಾಲಿಗೆ ಬರ್ಲಿಲ್ಲ ಪುಟ್ಟಿ. ನಿನ್ನ ಅಂಕಣ ಎಲ್ಲ ಸೇರಿಸಿ ನಾಲ್ಕು ಸಂಪುಟ ಬೈಂಡ್ ಮಾಡಿದ್ದೀನಿ. ಐದನೆಯದಕ್ಕೆ ರಟ್ಟು ಕತ್ತರಿಸೋಕೆ ಕೈ ಏಳ್ಲಿಲ್ಲ. ಸಿಟ್ಟಲ್ಲಿ ಬರೆದು ಅಂಚೆಗೆ ಹಾಕಿದೆ."

"ಅಚ್ಚಾಗುತ್ತೆ ಅಂತ ಗೊತ್ತಿತ್ತಾ?" ಮೇಡಂ ಕೇಳಿದರು.

"ಸೋಮವಾರ ಇವಳ ಕಟ್ಟು ಬಿಚ್ಚಿ ನೋಡಿದಾಗಲೇ ಗೊತ್ತಾಗಿದ್ದು. ನನ್ನ ಮಗಳನ್ನ ನಾನೇ ಬೀದೀಲಿ ನಿಲ್ಲಿಸಿ ಬೈದ ಹಾಗಿತ್ತು. ಮಾರನೇ ದಿನ ಬ್ಲೇಡ್ ತಗೊಂಡು ಹೋದೆ. ಮೂವತ್ತೈದು ವರ್ಷದಲ್ಲಿ ಚೆನ್ನಾಗಿದ್ದ ಪುಸ್ತಕಕ್ಕೆ ಬ್ಲೇಡ್ ಇಟ್ಟವನಲ್ಲ ನಾನು." ಮೇಲಿನ ಹಾಳೆಯ ಕತ್ತರಿಸಿದ ಬದಿ ತೋರಿಸಿದರು. "ಅಂಚು ಬಿಟ್ಟಿದ್ದೀನಿ. ಮತ್ತೆ ಅಂಟಿಸಬಹುದು."

ಮೇಡಂ ಹಾಳೆಗಳನ್ನು ಎಣಿಸಿ ವಾಪಸ್ ಕೊಟ್ಟರು. ಆಮೇಲೆ, "ಅಂಟಿಸಿ ಅವರ ಪುಸ್ತಕ ಅವರಿಗೆ ಕೊಡಿ. ಯಜಮಾನರು ದೂರು ವಾಪಸ್ ತಗೊಂಡ್ರೆ ನನ್ನದೂ ಮುಗೀತು," ಅಂದರು. ಮೆಟ್ಟಿಲಿಳಿಯುವಾಗ ನನಗೆ ಮಾತ್ರ ಕೇಳುವ ಹಾಗೆ ಸೇರಿಸಿದರು. "ಯಾಕೆ ಅಂತ ಅವರಿಗೆ ಹೇಳೋದು ನಿಮ್ಮ ಕೆಲಸ. ನಿಮ್ಮಪ್ಪಂದಲ್ಲ."

* * *

ಯಜಮಾನರಿಗೆ ನಾನೇ ಹೇಳಿದೆ. ಕತ್ತರಿಸಿದ್ದು ಯಾರು ಅಂತ ಹೇಳುವುದು ಕಷ್ಟವಾಗಲಿಲ್ಲ. ಯಾಕೆ ಅಂತ ಹೇಳುವಾಗ ಗಲ್ಲಾದ ಮೇಲಿನ ಗೀರು ನೋಡಿಕೊಂಡು ಹೇಳಿದೆ. ಆಮೇಲೆ ಸಂಪಾದಕರಿಗೆ ಫೋನ್ ಮಾಡಿ ಅದನ್ನೇ ಮತ್ತೆ ಹೇಳಿದೆ. "ಮುಂದಿನ ಗುರುವಾರ ಆ ಜಾಗಕ್ಕೆ ಏನು ಹಾಕ್ಲಿ?" ಅಂದರು ಅವರು. ನಿಜವನ್ನೇ ಬರೆದು ಕೊಡುತ್ತೇನೆ ಅಂದೆ. ಅದಾದ ಮೇಲೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಅಂದೆ.

ಯಜಮಾನರು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಕೆಮ್ಮಿದರು. "ಏನೋ ಸಿಟ್ಟಲ್ಲಿ ಅಂದುಬಿಟ್ಟೆ," ಅಂದರು ಪಾರ್ಸೆಲ್ ಅಕ್ಕನಿಗೆ.

"ಹನ್ನೊಂದು ವರ್ಷ ಆದ ಮೇಲೆ," ಅಂದರು ಅಕ್ಕ, ಅಂಟಿನ ಬಟ್ಟಲು ಕಲಸುತ್ತಾ. ಅಷ್ಟೇ. ಯಜಮಾನರು ಮುಂಗಟ್ಟಿಗೆ ಹೊರಟುಹೋದರು.

ನಾವು ಮೂವರೂ ಸಂಜೆಯವರೆಗೆ ಕೂತೆವು. ಅಪ್ಪ ಅಂಚಿಗೆ ಅಂಟು ಸವರುವುದು, ನಾನು ಹಾಳೆ ಕೂರಿಸಿ ಒತ್ತುವುದು, ಅಕ್ಕ ಹಲಗೆಯ ಕೆಳಗೆ ಜೋಡಿಸುವುದು.

"ನಿಮಗೆ ಮೊದಲೇ ಗೊತ್ತಿತ್ತು," ಅಂದೆ ಅಕ್ಕನಿಗೆ. "ಅಪ್ಪ ಬಂದಿದ್ರು ಅಂತ ಯಾಕೆ ಹೇಳ್ಲಿಲ್ಲ?"

"ನಿಮಗೂ ಗೊತ್ತಿತ್ತಲ್ಲ," ಅಂದರು ಅಕ್ಕ. ದನಿಯಲ್ಲಿ ಕೊಂಕಿರಲಿಲ್ಲ. "ಅಲ್ಲೇ ನಿಂತಿದ್ರಿ. ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ."

ನಾನು ಮುಂದಿನ ಪ್ರತಿ ಎಳೆದುಕೊಂಡೆ.

ಹಾಳೆ ಒತ್ತಿದ ಮೇಲೆ ಅಂಟು ಹಿಡಿಯುವವರೆಗೆ ಅಂಗೈ ಇಟ್ಟುಕೊಂಡಿರಬೇಕು. ಅಷ್ಟು ಹೊತ್ತು ಕಣ್ಣು ಎಲ್ಲಿಗೂ ಹೋಗುವ ಹಾಗಿಲ್ಲ. ಕೈಯ ಪಕ್ಕದಲ್ಲೇ ಪತ್ರಗಳ ಪುಟ. ಮೂರನೆಯ ಪತ್ರ. ಮೊದಲ ಪ್ರತಿಯಲ್ಲಿ ಓದದೆ ಇರಲು ನೋಡಿದೆ. ಆಗಲಿಲ್ಲ. ಎರಡನೆಯದರಲ್ಲಿ ನಿಧಾನವಾಗಿ ಓದಿದೆ. ಅಪ್ಪ ತಲೆಯೆತ್ತದೆ ಅಂಟು ಸವರುತ್ತಲೇ ಇದ್ದರು.

ಎರಡು ವರ್ಷದಿಂದ ಒಂದು ಪುಸ್ತಕವನ್ನೂ ಒಂದು ಸಲವೂ ಓದದಿದ್ದವಳು, ಅಪ್ಪ ನನಗೆ ಬರೆದ ಆ ಒಂದು ಕಾಗದವನ್ನು ಅಂದು ಸಂಜೆಯೊಳಗೆ ನಲವತ್ತೊಂದು ಸಲ ಓದಿದೆ.