ತಾನಾಗಿ ಹಾರಿದ ಗುಂಡು

ಬೆಳಗ್ಗೆ ಏಳೂಕಾಲಿಗೆ ಅನುಷಾ ಠಾಣೆಯ ಮೆಟ್ಟಿಲು ಹತ್ತಿದಾಗ ಅವಳ ನೈಟಿ ಮೇಲಿನ ರಕ್ತ ಇನ್ನೂ ಹಸಿಯಾಗಿತ್ತು.

"ಪಕ್ಕದ್ ತೋಟದ ಓಬಳಪ್ಪ ನಮ್ಮೆಜಮಾನ್ರನ್ನ ಹೊಡ್ದಾಕ್ಬಿಟ್ಟ ಮೇಡಂ. ಎದೇನೇ ಇಲ್ಲ ಅವರ್ಗೆ!"

ಎರಡು ತಿಂಗಳ ಹಿಂದಷ್ಟೇ ವರ್ಗವಾಗಿ ಬಂದಿದ್ದ ಇನ್‌ಸ್ಪೆಕ್ಟರ್ ಭವ್ಯ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ನಾಗೇಶನೊಂದಿಗೆ ಬುಕ್ಕಾಂಬುಧಿ ಬಳಿಯ ತೆಂಗಿನ ತೋಟಕ್ಕೆ ಹೊರಟಳು. ಅನುಷಾಳ ಗಂಡ ಧರ್ಮೇಶ್ ಅಂಗಾತ ಬಿದ್ದಿದ್ದ. ಎದೆಯಲ್ಲಿ ಮುಷ್ಟಿ ಹಿಡಿಸುವಷ್ಟು ತೂತು. ಮುರಿದ ಪಕ್ಕೆಲುಬು ಅಂಗಿ ಹರಿದು ಹೊರಬಂದಿತ್ತು. ಬಾಯಲ್ಲಿ ಇರುವೆ.

ಓಬಳಪ್ಪ ಓಡಿಹೋಗಿರಲಿಲ್ಲ. ಬಂದೂಕನ್ನು ತಾನೇ ಒಪ್ಪಿಸಿದ.

"ಏನಾಯ್ತು?"

"ಹಂದಿ ಬಂದಿತ್ತು. ಲೋಡ್ ಮಾಡಿ ಹಿಡ್ಕೊಂಡಿದ್ದೆ. ತೆಂಗಿನ್ ಗರಿ ಟ್ರಿಗರ್‌ಗೆ ಸಿಕ್ಕಾಕ್ಕೊಂತು. ತಾನೇ ಹಾರೋಯ್ತು."

ಭವ್ಯ ಬಂದೂಕು ಖಾಲಿ ಮಾಡಿ, ಪಂಚರ ಎದುರು ಟ್ರಿಗರ್‌ಗೆ ಗರಿ ಸಿಕ್ಕಿಸಿ ಎಳೆದಳು. ಗರಿ ಹರಿಯಿತು. ಮತ್ತೊಂದೂ ಹರಿಯಿತು. ನಾಗೇಶ ಕೊಬ್ಬರಿ ತೂಗುವ ಸ್ಪ್ರಿಂಗ್ ತಕ್ಕಡಿ ತಂದ. ಟ್ರಿಗರ್‌ಗೆ ಅದರ ಕೊಕ್ಕೆ ಹಾಕಿ ಎಳೆದರೆ ಮುಳ್ಳು ಮೂರು ಕೆ.ಜಿ. ದಾಟಿತು, ನಾಲ್ಕು, ಐದು. ಕರಕರ ಅಂದು ನಿಂತು, ಮತ್ತೆ ಜರುಗಿ, ಆರಕ್ಕೆ ಟಕ್ ಅಂತು.

"ಒಳ್ಳೆ ಟ್ರಿಗರ್ ಒಣಕಡ್ಡಿ ಮುರಿದ್ಹಾಗೆ ಬಿಡ್ಬೇಕು. ಅಲ್ಲಾಡ್ಬಾರ್ದು, ಜಗ್ಬಾರ್ದು, ಬಿಟ್ಟಿದ್ದು ಬೆರಳಿಗೇ ಗೊತ್ತಾಗ್ಬಾರ್ದು. ಇದು ತುಕ್ಕು ಹಿಡ್ದ ರಾಟೆ ಕಣಪ್ಪಾ. ಎಳೀತಾ ಎಳೀತಾ ಎಷ್ಟು ಸಲ ಬೆರಳು ತೆಗೀಬೋದಿತ್ತು. ಯಾಕ್ ತೆಗೀಲಿಲ್ಲ?" ಭವ್ಯ ಕೇಳಿದಳು.

ಓಬಳಪ್ಪ ನಕ್ಕ. "ತೆಗ್ಯಾಕೆ ಎಳೆದ್ನಾ? ಕೈಮುಗ್ದ. ಅಣ್ಣಾ ಅಂದ. ಅವನ್ ಕಣ್ಣೇ ನೋಡ್ಕಂಡು ಎಳ್ದೆ."

"ಯಾಕೆ?"

"ಹೋದ್ವರ್ಷ ಬೋರ್ ನೀರಿನ್ ಜಗಳದಾಗೆ ನನ್ ಹೆಂಡ್ತಿ ಓಬಮ್ಮನ ಮುಖಕ್ಕೆ ಗುಂಡು ಹೊಡ್ದ. ಹೆಣಕ್ಕೆ ಮುಖ ಇರ್ಲಿಲ್ಲ, ಬಳೆ ನೋಡಿ ಗುರ್ತು ಹಿಡ್ದೆ. ತಾನೇ ಹಾರ್ತು ಸಾರ್ ಅಂದ. ಬರ್ಕೊಂಡ್ರಿ, ಬಂದೂಕೂ ವಾಪಸ್ ಕೊಟ್ರಿ. ಅವಂದು ಟ್ರಿಗರ್ ಯಾವನ್ ತೂಗ್ದ?"

ನಾಗೇಶ ತಲೆ ತಗ್ಗಿಸಿದ. ಓಬಮ್ಮನ ಸಾವಿನ ಪಂಚನಾಮೆ ಬರೆದವನು ಅವನೇ.

ಓಬಳಪ್ಪನನ್ನು ಬಂಧಿಸಿ ತರೀಕೆರೆ ನ್ಯಾಯಾಲಯಕ್ಕೆ ಕಳಿಸಿದರು. ಸಂಜೆ ಭವ್ಯ ಧರ್ಮೇಶನ ಮನೆಗೆ ಹೋಗಿ ಅವನ ಬಂದೂಕು ಜಪ್ತಿ ಮಾಡಿದಳು. ಜಗಲಿಯಲ್ಲೇ ಅದೇ ತಕ್ಕಡಿಯ ಕೊಕ್ಕೆ ಹಾಕಿ ಎಳೆದಳು. ನಿಧಾನಕ್ಕೆ, ಪೂರ್ತಿ.

ಬಾಗಿಲಲ್ಲಿ ನಿಂತಿದ್ದ ಅನುಷಾ ಕೇಳಿದಳು, "ಎಷ್ಟ್ ಬಂತು ಮೇಡಂ?"

"ಆರೂವರೆ ಕೆ.ಜಿ. ಇದೂ ತಾನಾಗಿ ಹಾರಲ್ಲ."

ಅವಳಿಗೆ ಅರ್ಥವಾಯಿತು. ಬೆಳಗ್ಗಿನಿಂದ ಅಳುತ್ತಿದ್ದವಳು ಅಳು ನಿಲ್ಲಿಸಿ ಹೊಸ್ತಿಲ ಮೇಲೆ ಕೂತಳು.