ಅಜ್ಜಿಯ ಮಾತಿಗೆ ಕೆಂಪು ಗುಂಡಿ

"ಮತ್ತೆ ಕೆಂಪು!" ಯುವಶ್ರೀ ಫೋನನ್ನು ಮಡಿಲಿಗೆ ಹಾಕಿಕೊಂಡಳು.

ಆ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ತಮ್ಮ ಭಾಷೆಗೆ ದನಿ ಕೊಡಬಹುದು. ಕೇಳಿದವರು ಸರಿ ಅನಿಸಿದರೆ ಹಸಿರು ಗುಂಡಿ, ತಪ್ಪು ಅನಿಸಿದರೆ ಕೆಂಪು ಗುಂಡಿ ಒತ್ತುತ್ತಾರೆ. ಯುವಶ್ರೀ ಕನ್ನಡವನ್ನು ಆರಿಸಿ, ಅಜ್ಜಿ ವೆಳ್ಳೈಯಮ್ಮಾಳ್ ಕೈಲಿ ಐದು ಸಲ ಮಾತಾಡಿಸಿದ್ದಳು. ಐದಕ್ಕೂ ಕೆಂಪು.

"ಏನಂದ್ರು ಕಣ್ಣು?" ಅವರೆಕಾಯಿ ಬಿಡಿಸುತ್ತಾ ಅಜ್ಜಿ ಮುದ್ದಿನಿಂದ ಕೇಳಿದರು.

"ಒಣ್ಣುಮಿಲ್ಲೆ ಅಜ್ಜಿ," ಏನೂ ಇಲ್ಲವೆಂದು ತಮಿಳಿನಲ್ಲೇ ಜಾರಿಕೊಂಡಳು. ಮನೆಯ ಕನ್ನಡ ಅವಳ ಕಿವಿಗೆ ಬರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ.

ದಿಂಡಿಗಲ್ ಕಾಲೇಜಿನಿಂದ ರಜೆಗೆ ಬಂದಿದ್ದ ಅಣ್ಣ ರಾಜಾ ಇಣುಕಿದ. "ನಮ್ದು ಕನ್ನಡವೇ ಅಲ್ವಂತೆ, ಬಿಡು!"

ಅಜ್ಜಿಯ ಕೈ ನಿಂತಿತು. "ಹಂಗಂದ್ರಾ? ನಮ್ಮವ್ವ ಆಡಿದ್ದು ಇನ್ಯಾವ ಮಾತು ಮತ್ತೆ?"

ಯುವಶ್ರೀಯ ಕಣ್ಣು ತುಂಬಿತು.

"ಏಯ್, ಸುಮ್ನೆ ಅಂದೆ," ರಾಜಾ ಪಕ್ಕದಲ್ಲಿ ಕೂತ. "ಅಲ್ಲೇನು ಬರೆದಿದೆ, ನೋಡಿದ್ಯಾ?"

ನೋಡುವುದೇನು? ಕನ್ನಡ ಆರಿಸಿದ ಕೂಡಲೇ ಪುಟವೆಲ್ಲ ಕನ್ನಡ ಅಕ್ಷರವಾಗಿತ್ತು. ತಮಿಳುನಾಡಿನ ಮಾರ್ಕಯನ್‌ಕೋಟ್ಟೈನ ಆ ಮನೆಯಲ್ಲಿ ಕನ್ನಡ ಆಡುವವರಿದ್ದರು, ಓದುವವರು ಒಬ್ಬರೂ ಇರಲಿಲ್ಲ. ಶಾಲೆ, ಬಸ್ಸಿನ ಬೋರ್ಡು, ಮದುವೆ ಪತ್ರಿಕೆ ಎಲ್ಲವೂ ತಮಿಳು. ಮೈಕಿನ ಚಿತ್ರ ಕಂಡಿತು, ಒತ್ತಿದ್ದಳು.

ರಾಜಾ ಪುಟವನ್ನು ತಮಿಳಿಗೆ ತಿರುಗಿಸಿದ. 'ಈ ವಾಕ್ಯವನ್ನು ಓದಿ' ಎಂದಿತ್ತು. ವಾಕ್ಯ: 'ರೈಲು ಆರು ಗಂಟೆಗೆ ಹೊರಡುತ್ತದೆ.'

"ನಾನು ಎತ್ತಿಗೆ ನೀರು ಕುಡ್ಸು ಅಂದ್ನಲ್ಲ!" ಅಜ್ಜಿ ಜೋರಾಗಿ ನಕ್ಕರು. "ಪಾಪ, ರೈಲಿಗೆ ಕಾದೋರು ಏನ್ ಮಾಡ್ಯಾರು?"

ಮನಸ್ಸಿಗೆ ಬಂದದ್ದನ್ನು ಹೇಳುವ ಜಾಗವೂ ಆ ಸೈಟಿನಲ್ಲಿತ್ತು. ಅಜ್ಜಿ ಸಂಜೆ ದೀಪ ಹಚ್ಚುವಾಗ ಹಾಡುವ ಪದವನ್ನು ಅಲ್ಲಿ ಹಾಡಿದರು.

ಮರುದಿನ ಕೆಂಪೂ ಇಲ್ಲ, ಹಸಿರೂ ಇಲ್ಲ. ಕೇಳಿದವರಿಂದ ಒಂದು ಮೆಸೇಜ್ ಬಂದಿತ್ತು. ರಾಜಾ ಅದನ್ನೂ ತಿರುಗಿಸಿ ಓದಿದ: "ಕೇಳಲು ಚೆನ್ನಾಗಿದೆ. ಕೆಲವು ಮಾತು ನಮಗೆ ತಿಳಿಯಲಿಲ್ಲ. ಬಲ್ಲವರು ಯಾರಾದರೂ ಕೇಳಿ, ಸರಿಯೇ ಎಂದು ಹೇಳಬೇಕು."

ಅವನು ತನ್ನ ಫೋನಿನಲ್ಲಿ ಅಜ್ಜಿಯ ಪದವನ್ನು ತೆರೆದು ಚಾಚಿದ. "ತಗೋ, ನೀನೇ ಕೇಳು."

"ನಾನಾ? ಎನಕ್ಕು ಪೇಸವೇ ವರಾದೇ!" ಮಾತಾಡಲೇ ಬಾರದವಳು ಹೇಳುವುದು ಹೇಗೆ?

"ಮಾತಾಡು ಅಂತ ಯಾರಂದ್ರು? ಕೇಳು ಅಂದವ್ರೆ."

ಯುವಶ್ರೀ ಫೋನನ್ನು ಕಿವಿಗೆ ಒತ್ತಿಕೊಂಡಳು.

"ದೀಪ ಹಚ್ಚೀನಿ ತಾಯೇ, ಮನೆಗೆಲ್ಲ ಬೆಳಕಾಗು..."

ಅಜ್ಜಿ ಉಸಿರೆಳೆದುಕೊಳ್ಳಲು ನಿಂತರು. ಮುಂದಿನ ಸಾಲು ಬರುವ ಮೊದಲೇ ಅವಳಿಗೆ ಅದು ಗೊತ್ತಿತ್ತು. ಕಲಿಸಿದವರು ಯಾರೂ ಇಲ್ಲ. ಒಂದು ಮಾತಿಗೂ ಅವಳು ಅರ್ಥ ಕೇಳಬೇಕಾಗಲಿಲ್ಲ.

ಪೂರ್ತಿ ಕೇಳಿದಳು. ಬೆರಳು ಹಸಿರು ಗುಂಡಿಯ ತನಕ ಹೋಯಿತು. ಒತ್ತುವ ಮೊದಲು, ಕಣ್ಣು ಮುಚ್ಚಿ ಇನ್ನೊಂದು ಸಲ ಕೇಳಿದಳು.