ಆನೆಯ ಬೆನ್ನ ಮೇಲಿನ ಇಸವಿ

ಕಿಟಕಿಯ ಹಲಗೆಯ ಮೇಲೆ ಬಾಟಲಿಗಳು ನಿಂತಿವೆ. ಕುತ್ತಿಗೆಯಲ್ಲಿ ಗೋಲಿ ಸಿಕ್ಕಿಕೊಂಡ ಸೋಡಾ ಬಾಟಲಿ, ಪಕ್ಕದಲ್ಲಿ ಕಡುನೀಲಿಯ ಔಷಧದ ಸೀಸೆ, ಅದರ ಭುಜಕ್ಕೆ ಒರಗಿದಂತೆ ಒಂದು ಮೋಟು ಶಾಯಿಕುಪ್ಪಿ. ಇಳಿಬಿಸಿಲು ಅವುಗಳ ಒಳಹೊಕ್ಕು, ಹಸಿರಾಗಿ, ನೀಲಿಯಾಗಿ ಹೊರಬಂದು ಮೇಜಿನ ಮೇಲೆ ಅಲುಗದೆ ಮಲಗಿದೆ. ಗಾಜಿನೊಳಗಿನ ಗುಳ್ಳೆಗಳು ಯಾರೋ ಎಂದೋ ಊದಿದ ಉಸಿರನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ಆ ಬಣ್ಣಗಳ ನಡುವೆ, ಬೆಳ್ಳಿಯ ಸರದ ತುದಿಯಲ್ಲಿ, ಆನೆಯ ಅಚ್ಚಿನ ಒಂದು ಹಳೆಯ ತಾಮ್ರದ ಕಾಸು ಫಳಫಳ ಹೊಳೆಯುತ್ತಿದೆ.

ಅದು ಹೊಳೆಯಬಾರದಿತ್ತು.

"ಯಾತರಲ್ಲಿ ತೊಳ್ದೆ?" ಎಂದಳು ರಂಜಿತ.

"ಹುಣಸೆಹಣ್ಣಲ್ಲಿ," ಎಂದ ಶಿವರಾಜು, ಹೆಮ್ಮೆಯಿಂದ. "ನಮ್ಮವ್ವ ಚೊಂಬು ಬೆಳಗ್ತಾಳಲ್ಲ, ಅಂಗೆ. ಒಂದೀಟು ಬೂದಿನೂ ಹಾಕ್ದೆ. ಕನ್ನಡಿ ಆಗೋಯ್ತು ನೋಡು!"

"ತೂತು?"

"ಅಂಗಡೀಲಿ ಡ್ರಿಲ್ ಐತಲ್ಲ. ನಿನ್ ಕತ್ತಿಗೆ ಚೆಂದ ಕಾಣ್ತದೆ, ಆಕ್ಕೊ."

ಅವನದು ಮದ್ದೂರಿನಲ್ಲಿ ಮೋಟಾರ್ ರಿಪೇರಿಯ ಅಂಗಡಿ. ಅವಳು ಭಾರತೀನಗರದ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸಕ್ಕಿದ್ದು, ಅಲ್ಲೇ ಈ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಭಾನುವಾರಗಳಲ್ಲಿ ಇಬ್ಬರೂ ಕೆರೆಯ ಹೂಳನ್ನೂ, ಬಿದ್ದ ಮನೆಗಳ ಹಿತ್ತಿಲ ತಿಪ್ಪೆಗಳನ್ನೂ ಕೆದಕಿ ಹಳೆಯ ಬಾಟಲಿ, ಕಾಸುಗಳನ್ನು ಹುಡುಕುತ್ತಿದ್ದರು.

ಗಾಜಿನ ವಯಸ್ಸು ಹೇಳುವುದನ್ನು ಅವನಿಗೆ ಕಲಿಸಿದವಳು ಅವಳೇ. ಅಚ್ಚಿನ ಗೆರೆ ಕತ್ತಿನಲ್ಲೇ ನಿಂತುಹೋದರೆ ಹಳೆಯದು. ಬಾಯಿಯನ್ನೂ ದಾಟಿದರೆ ಯಂತ್ರದ್ದು. ಅವನ ಬೆರಳನ್ನು ಹಿಡಿದು ಗಾಜಿನ ಮೇಲೆ ಮೆಲ್ಲನೆ ಓಡಿಸಿದ್ದಳು. ಗೆರೆ ಎಲ್ಲಿ ನಿಂತಿತೆಂದು ಅವನಿಗೆ ತಿಳಿಯಲೇ ಇಲ್ಲ.

"ಗಾಜು ನೋಡು."

"ನೋಡ್ತಾನೇ ಇವ್ನಿ."

"ಗಾಜು ನನ್ ಮುಖದಲ್ಲಿಲ್ಲ," ಎಂದು ಆ ದಿನ ಅವಳು ನಕ್ಕಿದ್ದಳು.

ಇಂದು ನಗಲಿಲ್ಲ. ಸಿಟ್ಟು ಬಂದಾಗ ಅವಳ ಮಾತಿನಿಂದ ಕಾಲೇಜು ಉದುರಿಹೋಗಿ, ಹುಟ್ಟೂರು ಹೊಳಲು ಮಾತ್ರ ಉಳಿಯುತ್ತಿತ್ತು.

"ಆ ಹಸಿರು ಕಿಲುಬಲ್ಲ ಕಣ್ಲಾ, ಚರ್ಮ! ಚರ್ಮ ಸುಲಿದ್ಬುಟ್ಟೆ. ಆನೆ ಬೆನ್ನ ಮ್ಯಾಲೆ ಇಸವಿ ಇತ್ತು. ಸರಿಯಾಗಿ ಅಲ್ಲೇ ಕೊರ್ದಿದ್ದೀಯ. ನಾನು ತಂಗಿ ಬಾಣಂತನ ಮುಗಿಸ್ಕಂಡು ಬರೋಗಂಟ ಮುಟ್ಬ್ಯಾಡ ಅಂದಿರ್ನಿಲ್ವಾ?"

"ಇನ್ನೊಂದು ಹುಡುಕಣ ಬುಡೇ. ಕೆರೆ ಎಲ್ಲಿಗೋಯ್ತದೆ?"

ಅವಳ ಮುಖ ಮತ್ತೂ ಬಿಗಿದುಕೊಂಡಿತು. ಅದನ್ನು ಕರಗಿಸಲೆಂದು, ಅವನು ಕಡೆಗೆಂದು ಇಟ್ಟುಕೊಂಡಿದ್ದ ಮಾತನ್ನು ಆಗಲೇ ಆಡಿಬಿಟ್ಟ.

"ಅದಿರ್ಲಿ, ದೊಡ್ಡ ಸುದ್ದಿ ಐತೆ. ನಿಮ್ಮಪ್ಪನ ಕೇಳ್ದೆ. ಮದ್ವೆಗೆ ಒಪ್ಕಂಡ್ರು."

ಅವಳು ಅವನನ್ನೇ ನೋಡಿದಳು. ರೆಪ್ಪೆ ಮಿಟುಕಲಿಲ್ಲ.

"ಏನಂತ ಒಪ್ಕಂಡ್ರು?"

"ಮದ್ವೆ ಆದ್ಮ್ಯಾಕೆ ತಿಪ್ಪೆ ಕೆದಕಾದು ಬ್ಯಾಡ, ಜನ ಆಡ್ಕತಾರೆ ಅಂದ್ರು."

"ನೀನೇನಂದೆ?"

ಅವನು ಶಾಯಿಕುಪ್ಪಿಯತ್ತ ಕಣ್ಣು ತಿರುಗಿಸಿದ. "ಊಂ ಅಂದೆ. ಸುಮ್ಕೆ. ಆಮ್ಯಾಕೆ ನೋಡ್ಕಂಡ್ರಾಯ್ತು ಅಂತ."

"ಸುಮ್ಕೆ!" ಕಾಸನ್ನು ಸರದ ಸಮೇತ ಎತ್ತಿ ಅವನ ಅಂಗೈಗೆ ಬಡಿದಳು. "ಚೆಂದ ಕಾಣ್ಲಿ ಅಂತ ತೂತು ಕೊರ್ಯಾದು ನಿಂಗೆ ಎಷ್ಟು ಸಲೀಸು! ನನ್ ಭಾನುವಾರ ಮಾರಿ ನನ್ನ ತಗಂಡ್ ಬಂದ್ಯಾ? ಮಳವಳ್ಳಿಯಿಂದ ಮಂಡ್ಯದಗಂಟ ಯಾವ ಕೆರೆಗೆ ಓಗಿಲ್ಲ ನಾವು? ಒಂದ್ ದಿನನಾದ್ರೂ ನನ್ನ ಅರ್ಥ ಮಾಡ್ಕಂಡಿದ್ಯಾ?"

"ಪ್ರೀತಿಯಿಂದ ಮಾಡ್ದೆ ಕಣೇ!" ಈಗ ಅವನ ದನಿಯೂ ಏರಿತು. "ರಾತ್ರಿಯೆಲ್ಲ ಕೂತು ಬೆಳಗಿವ್ನಿ. ಬೆರಳು ನೋಡು, ಹೆಂಗೆ ಸುಲ್ದೋಗದೆ! ನಿಂಗಾದ್ರೂ ನನ್ ಮ್ಯಾಲೆ ಪ್ರೀತಿ ಐತೋ ಇಲ್ವೋ, ಅದೇಳು ಮೊದ್ಲು!"

"ಐತೆ!"

ಆ ಮಾತು ಕಲ್ಲಿನಂತೆ ಬಂದು ಬಿತ್ತು. ಇಬ್ಬರೂ ಬೆಚ್ಚಿದರು. ಇಷ್ಟು ಕಾಲ ಯಾವ ಕೆರೆಯಂಗಳದಲ್ಲೂ ಯಾರ ಬಾಯಿಗೂ ಬಾರದ ಮಾತು, ಹೀಗೆ, ಜಗಳದ ನಟ್ಟನಡುವೆ ಹೊರಬಿದ್ದಿತ್ತು.

"ಐತೆ, ಅದಕ್ಕೇ ಹೊಟ್ಟೆ ಉರೀತಿರಾದು," ಎಂದಳು, ದನಿ ತಗ್ಗಿಸದೆ. "ಬ್ಯಾರೆಯೋನಾಗಿದ್ರೆ ಟೀ ಕೊಟ್ಟು ಕಳಿಸ್ತಿದ್ದೆ."

ಅವನು ಒಂದು ಹೆಜ್ಜೆ ಮುಂದಿಟ್ಟ. ಅವಳು ಕೈ ಅಡ್ಡ ಹಿಡಿದಳು.

"ಈಗ್ಲೇ ಹೊಳಲಿಗೆ ಓಗು. ಕೊಟ್ಟ ಮಾತು ನಮ್ಮಪ್ಪನ ಮುಂದೆ ವಾಪಸ್ ತಗೊ. ನಿಮ್ ಮಗಳು ಮದ್ವೆ ಆದ್ಮ್ಯಾಕೂ ಮಣ್ಣು ಕೆದಕ್ತಾಳೆ, ನಾನೂ ಜತೇಲಿರ್ತೀನಿ ಅನ್ನು."

"ಒಲ್ಲೆ ಅಂದ್ಬುಟ್ರೆ? ನಿಮ್ಮಪ್ಪ ದೊಡ್ಡಸಿದ್ದಯ್ಯನೋರು ಒಂದ್ಸಲ ಒಲ್ಲೆ ಅಂದ್ರೆ ಮುಗೀತು ಕಣೇ."

"ಆವಾಗ ಬಂದು ನನ್ನ ಕೇಳು. ಇವತ್ತಿನಗಂಟ ನನ್ನ ಯಾರೂ ಕೇಳಿಲ್ಲ."

ಅವನ ತುಟಿ ತೆರೆಯಿತು.

"ಈಗಲ್ಲ," ಎಂದಳು. ಕಣ್ಣು ತುಂಬಿತ್ತು, ಹನಿ ಮಾತ್ರ ಉದುರಲಿಲ್ಲ. "ನಮ್ಮಪ್ಪಂಗೆ ಏಳಿ ಬಾ, ಆಮ್ಯಾಕೆ ಕೇಳು."

ಅವನು ತಲೆಬಾಗಿಸಿ ಚಪ್ಪಲಿ ಮೆಟ್ಟಿದ. ಹೊಸಿಲಲ್ಲಿ ಒಮ್ಮೆ ತಿರುಗಿ ನೋಡಿದ. ಅವಳು ದೃಷ್ಟಿ ಕದಲಿಸಲಿಲ್ಲ. ಅವನು ಮೆಟ್ಟಿಲಿಳಿಯುವ ಮೊದಲೇ, ಬೆನ್ನಿಗೆ ತಾಕುವಷ್ಟು ಹತ್ತಿರದಲ್ಲಿ, ಬಾಗಿಲು ಮುಚ್ಚಿಕೊಂಡಿತು.